ಕ್ಯಾಲಿಫೋರ್ನಿಯಾದ ಮಿಡಲ್ ಸ್ಕೂಲಲ್ಲಿ ಮಗಳಿಗೆ ಯಾವ ಎಲೆಕ್ಟಿವ್ (ಮಕ್ಕಳೇ ಆರಿಸಿಕೊಳ್ಳೋ ವಿಷಯ) ಬರೆಸೋದು? ಆ ಕ್ಲಾಸುಗಳಲ್ಲಿ ನಿಜವಾಗಿ ಏನು ಮಾಡಿಸ್ತಾರೆ?

ನೀವು ಕೇಳಿರೋದನ್ನ ಮೊದಲು ಚಿಕ್ಕದಾಗಿ ಹೇಳಿಬಿಡ್ತೀನಿ, ಆಮೇಲೆ ಓದೋರಿಗೂ ಉಪಯೋಗ ಆಗಲಿ. ಜುಲೈನಲ್ಲಿ ಬೆಂಗಳೂರಿಂದ ಬೇ ಏರಿಯಾಗೆ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿಗೆ, ಬರ್ತಿದ್ದೀರಿ. ಮಗಳು ಆರನೇ ಕ್ಲಾಸಿಗೆ, ಅಂದರೆ ಇಲ್ಲಿನ ಮಿಡಲ್ ಸ್ಕೂಲಿನ ಮೊದಲ ವರ್ಷಕ್ಕೆ ಸೇರ್ತಾಳೆ. ಸ್ಕೂಲಿನವರು ಎಲೆಕ್ಟಿವ್ ಫಾರ್ಮ್ ಕಳಿಸಿದ್ದಾರೆ: ಬ್ಯಾಂಡ್ (ಊದೋ ವಾದ್ಯ, ಡ್ರಮ್), ಆರ್ಕೆಸ್ಟ್ರಾ (ವಯಲಿನ್, ಸೆಲ್ಲೋ ಥರದ ತಂತಿವಾದ್ಯ), ಆರ್ಟ್, ಡ್ರಾಮಾ, ಕೋಡಿಂಗ್, ಫುಡ್ಸ್ (ಅಡುಗೆ), ಇವನ್ನ ಇಷ್ಟದ ಕ್ರಮದಲ್ಲಿ ಬರೀಬೇಕು. ಅವಳಪ್ಪ ಕೋಡಿಂಗ್ ಅಂತಾರೆ. ಅವಳು ಕರ್ನಾಟಕ ಸಂಗೀತದ ವಯಲಿನ್ ಕಲೀತಿದ್ದಾಳೆ, ಆದರೆ ಇಲ್ಲಿನ ಆರ್ಕೆಸ್ಟ್ರಾ ಅವಳಿಗೆ ಒಗ್ಗುತ್ತೋ ಇಲ್ಲವೋ ಅಂತ ನಿಮಗೆ ಅನುಮಾನ.

ಆರ್ಕೆಸ್ಟ್ರಾ ಮೊದಲು ಬರೀರಿ, ಕೋಡಿಂಗ್ ಕೊನೆಗೆ. ನನ್ನ ಇಬ್ಬರು ಮಕ್ಕಳೂ ಇಲ್ಲೇ ಮಿಡಲ್ ಸ್ಕೂಲ್ ಮುಗಿಸಿದವರು. ದೊಡ್ಡವನು ಟ್ರೋಂಬೋನ್ ಊದಿದ, ಚಿಕ್ಕವಳು ಆರ್ಟು, ಫುಡ್ಸು ಅಂತ ಸುತ್ತಿದಳು. ಅದನ್ನ ನೋಡಿದ ಮೇಲೆ ಹೇಳ್ತಿದ್ದೀನಿ.

ಆ ಫಾರ್ಮ್ ಒಂದು ವಿಷಯ ಮುಚ್ಚಿಡುತ್ತೆ. ಎಲ್ಲ ಎಲೆಕ್ಟಿವ್‌ಗಳನ್ನೂ ಒಂದರ ಕೆಳಗೆ ಒಂದು ಸಮನಾಗಿ ಬರೆದಿರ್ತಾರೆ, ಆದರೆ ಅವು ಸಮನಲ್ಲ. ಬ್ಯಾಂಡ್ ಮತ್ತು ಆರ್ಕೆಸ್ಟ್ರಾ ಮೂರು ವರ್ಷದ ಸರಣಿ: ಆರನೇ ಕ್ಲಾಸಲ್ಲಿ ಬಿಗಿನಿಂಗ್, ಏಳರಲ್ಲಿ ಇಂಟರ್‌ಮೀಡಿಯೆಟ್, ಎಂಟರಲ್ಲಿ ಅಡ್ವಾನ್ಸ್ಡ್. ಏಳನೇ ಕ್ಲಾಸಲ್ಲಿ ಮನಸ್ಸು ಬಂತು ಅಂದರೆ ಆರನೇ ಕ್ಲಾಸಿನ ಪುಟಾಣಿಗಳ ಜೊತೆ ಕೂರಬೇಕು, ಇಲ್ಲವಾದರೆ ಬಿಡಬೇಕು. ಆರ್ಟ್, ಡ್ರಾಮಾ, ಕೋಡಿಂಗಿಗೆ ಈ ತಾಪತ್ರಯ ಇಲ್ಲ, ಯಾವ ವರ್ಷ ಸೇರಿದರೂ ನಡೆಯುತ್ತೆ. ಎಷ್ಟೋ ಸ್ಕೂಲುಗಳಲ್ಲಿ ಆರನೇ ಕ್ಲಾಸಿನವರಿಗೆ ‘ವೀಲ್’ ಅಂತ ಇರುತ್ತೆ. ಒಂಬತ್ತು ಹತ್ತು ವಾರ ಆರ್ಟ್, ಆಮೇಲೆ ಡ್ರಾಮಾ, ಆಮೇಲೆ ಟೆಕ್, ಹೀಗೆ ಎಲ್ಲದರ ರುಚಿ ತೋರಿಸ್ತಾರೆ. ಆರ್ಕೆಸ್ಟ್ರಾ ತಗೊಂಡವರಿಗೆ ವೀಲ್ ಸಿಗಲ್ಲ. ನಷ್ಟ ಅಂದರೆ ಅದೊಂದೇ.

ಸ್ಪ್ಯಾನಿಷ್ ನಿಮ್ಮ ಫಾರ್ಮಲ್ಲಿ ಇಲ್ಲ, ಬಹುಶಃ ಏಳನೇ ಕ್ಲಾಸಿಂದ ಇರಬಹುದು. ಅದೂ ಸರಣಿಯೇ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಸೇರೋಕೆ ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆ ಎರಡು ವರ್ಷ ಓದಿರಬೇಕು ಅಂತ ನಿಯಮ. ಏಳು ಎಂಟರಲ್ಲಿ ಹೈಸ್ಕೂಲ್ ಮಟ್ಟದ್ದನ್ನೇ ಓದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡೀತಾರೆ. ಮುಂದಿನ ವರ್ಷ ನೋಡಿಕೊಳ್ಳಬಹುದು, ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಕೋಡಿಂಗ್ ಯಾಕೆ ಕೊನೆಗೆ ಅಂದೆ? ಬೇ ಏರಿಯಾದಲ್ಲಿ ಕೋಡಿಂಗ್ ಕಲಿಸೋಕೆ ಸ್ಕೂಲೇ ಬೇಕಿಲ್ಲ. ಲೈಬ್ರರಿಯಲ್ಲಿ, ಬೇಸಿಗೆ ಕ್ಯಾಂಪಲ್ಲಿ, ಅಪ್ಪನ ಲ್ಯಾಪ್‌ಟಾಪಲ್ಲಿ ಸಿಗುತ್ತೆ. ಮಿಡಲ್ ಸ್ಕೂಲ್ ಕೋಡಿಂಗ್ ಬಹುಪಾಲು ‘ಸ್ಕ್ರ್ಯಾಚ್’ ಅನ್ನೋ ಮಕ್ಕಳ ಪ್ರೋಗ್ರಾಮಿಂಗ್ ಭಾಷೆಯಿಂದ ಶುರುವಾಗಿ ಒಂದಿಷ್ಟು ಪೈಥಾನ್ ಮುಟ್ಟಿ ನಿಲ್ಲುತ್ತೆ, ಬೆಂಗಳೂರಿನ ಮಕ್ಕಳು ಇದನ್ನೆಲ್ಲ ನೋಡಿಯೇ ಬಂದಿರ್ತಾರೆ. ಅರವತ್ತು ಮಕ್ಕಳು ಒಟ್ಟಿಗೆ ಕೂತು ಒಂದೇ ಕೃತಿ ನುಡಿಸೋದು ಮಾತ್ರ ಮನೇಲಿ ಆಗೋ ಕೆಲಸ ಅಲ್ಲ. ಮಧ್ಯದಲ್ಲಿ ಊರು ಬಿಟ್ಟು ಬಂದ ಹುಡುಗಿಗೆ ಮೂರು ವರ್ಷ ಅದೇ ಟೀಚರು, ಅದೇ ಸ್ನೇಹಿತರು ಸಿಗೋದು ಈ ಒಂದು ಕ್ಲಾಸಲ್ಲಿ ಮಾತ್ರ. ಮಿಕ್ಕ ಪೀರಿಯಡ್‌ಗಳೆಲ್ಲ ಪ್ರತಿ ವರ್ಷ ಕಲಸಿಹೋಗುತ್ತೆ.

ಈಗ ವಯಲಿನ್ ವಿಷಯ. ಅವಳು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ, ವಯಲಿನ್ ತುದಿಯನ್ನ ಬಲಗಾಲಿನ ಮೇಲಿಟ್ಟು ನುಡಿಸ್ತಾಳೆ. ಇಲ್ಲಿ ಕುರ್ಚಿ ಅಂಚಲ್ಲಿ ನೆಟ್ಟಗೆ ಕೂತು, ಗದ್ದದ ಕೆಳಗೆ ಹಿಡೀಬೇಕು. ಮೊದಲ ಕೆಲವು ವಾರ ಕತ್ತು ನೋಯುತ್ತೆ. ಶೋಲ್ಡರ್ ರೆಸ್ಟ್ ಅಂತ ಸಿಗುತ್ತೆ, ಕೊಡಿಸಿ. ಶ್ರುತಿಯೂ ಬೇರೆ. ನಮ್ಮಲ್ಲಿ ಸ-ಪ-ಸ-ಪ, ಹಾಡೋರಿಗೆ ಅನುಕೂಲವಾದ ಶ್ರುತಿಗೆ ಇಳಿಸಬಹುದು, ಏರಿಸಬಹುದು. ಇಲ್ಲಿ ನಾಲ್ಕು ತಂತಿಗೂ ಜಿ-ಡಿ-ಎ-ಇ, ಒಂದು ತಂತಿಯಿಂದ ಪಕ್ಕದ ತಂತಿಗೆ ಯಾವಾಗಲೂ ಸ-ಪ ಅಂತರವೇ, ಎತ್ತರವೂ ಕದಲೋ ಹಾಗಿಲ್ಲ. ನಮ್ಮಲ್ಲಿ ಎರಡನೇ ತಂತಿಗೂ ಮೂರನೇದಕ್ಕೂ ಪ-ಸ ಅಂತರ, ಅದು ಇದಕ್ಕಿಂತ ಕಡಿಮೆ. ಆದ್ದರಿಂದ ಎರಡನೇ ತಂತಿಯಿಂದ ಮೂರನೇದಕ್ಕೆ ದಾಟುವಾಗ ಅವಳ ಬೆರಳು ಹಳೇ ಜಾಗಕ್ಕೆ ಹೋಗಿ ಅಪಸ್ವರ ಬರುತ್ತೆ. ಟೀಚರು ಫಿಂಗರ್‌ಬೋರ್ಡ್ ಮೇಲೆ ಬೆರಳಿಡೋ ಜಾಗಕ್ಕೆ ಸಣ್ಣ ಟೇಪ್ ಅಂಟಿಸ್ತಾರೆ, ನೋಡಿ ಅವಳಿಗೆ ಅವಮಾನ ಅನ್ನಿಸಬಹುದು. ಗಮಕ ಬಿಡೋದೇ ಎಲ್ಲಕ್ಕಿಂತ ಕಷ್ಟ. ಜಾರಿಸಬೇಡ, ನೇರ ಸ್ವರದ ಮೇಲೆ ಬೆರಳಿಡು ಅಂತ ದಿನಾ ಹೇಳಿಸಿಕೊಳ್ತಾಳೆ. ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಬರೆಯೋ ಪಾಶ್ಚಾತ್ಯ ಸ್ವರಲಿಪಿ, ಓದೋದನ್ನ ಸೊನ್ನೆಯಿಂದ ಕಲೀಬೇಕು.

ಅನುಕೂಲಗಳೂ ಇವೆ. ಬಿಗಿನಿಂಗ್ ಆರ್ಕೆಸ್ಟ್ರಾದಲ್ಲಿ ಮೊದಲು ಹೇಳಿಕೊಡೋ ಸ್ಕೇಲ್ ಡಿ ಮೇಜರ್. ಡಿ ಅನ್ನೋದನ್ನ ಷಡ್ಜ ಮಾಡಿಕೊಂಡ ಶಂಕರಾಭರಣದ ಆರೋಹಣ ಅವರೋಹಣ ಅಷ್ಟೇ. ಬೇರೆ ಮಕ್ಕಳು ಬಿಲ್ಲು ಹಿಡಿಯೋದು ಹೇಗೆ ಅಂತ ಪೆನ್ಸಿಲ್ ಹಿಡಿದು ಅಭ್ಯಾಸ ಮಾಡುವಾಗ ನಿಮ್ಮವಳ ಕಿವಿ, ಬಿಲ್ಲು ಎರಡೂ ತಯಾರಿರುತ್ತೆ. ಟೀಚರಿಗೆ ಮೊದಲೇ ಒಂದು ಸಾಲು ಬರೆದು ತಿಳಿಸಿ. ಕೆಲವರು ಕೇಳಿಸಿಕೊಂಡು ಒಂದು ಮಟ್ಟ ಮೇಲೆ ಹಾಕ್ತಾರೆ. ನಾನಾದರೆ ಬೇಡ ಅಂತೀನಿ, ನೊಟೇಶನ್ ಗಟ್ಟಿಯಾಗೋವರೆಗೂ ಬಿಗಿನಿಂಗಲ್ಲೇ ಇರಲಿ. ಮನೆಯಲ್ಲಿ ಕರ್ನಾಟಕ ಸಂಗೀತ ಮುಂದುವರಿಸೋದಾದರೆ ಎರಡು ವಯಲಿನ್ ಇಟ್ಟುಕೊಳ್ಳೋದು ಒಳ್ಳೇದು. ಒಂದೇ ವಯಲಿನ್ನಿನ ಶ್ರುತಿ ದಿನಾ ಬದಲಾಯಿಸ್ತಿದ್ದರೆ ತಂತಿ ಬಾಳಲ್ಲ. (ಮೃದಂಗ ಕಲಿತ ಹುಡುಗರ ಅಪ್ಪಂದಿರಿಗೆ ಒಂದು ಮಾತು: ಬ್ಯಾಂಡಲ್ಲಿ ಡ್ರಮ್ಮಿಗೆ ಎಲ್ಲರೂ ಮುಗಿಬೀಳ್ತಾರೆ, ಸೀಟು ಕಡಿಮೆ. ಸಿಕ್ಕರೂ ಶುರುವಿನಲ್ಲಿ ಕೈಗೆ ಬರೋದು ಬೆಲ್ ಕಿಟ್ ಅನ್ನೋ ಲೋಹದ ಪಟ್ಟಿಗಳ ವಾದ್ಯ ಮತ್ತು ಬಡಿದು ಅಭ್ಯಾಸ ಮಾಡೋಕೆ ಒಂದು ರಬ್ಬರ್ ಪ್ಯಾಡ್.)

ಬ್ಯಾಂಡಿನ ಮೊದಲ ತಿಂಗಳು ಮನೆಯವರ ತಾಳ್ಮೆ ಪರೀಕ್ಷೆ. ಕೊಳಲಿನವರು ಬರೀ ತಲೆಭಾಗ ಬಿಚ್ಚಿಕೊಂಡು ಊದ್ತಾರೆ, ಕ್ಲಾರಿನೆಟ್ ಕೀರಲು ಹೊರಡಿಸುತ್ತೆ, ಟ್ರೋಂಬೋನ್ ಬಗ್ಗೆ ಏನೂ ಹೇಳದಿರೋದೇ ವಾಸಿ. ನಾವಿದ್ದಿದ್ದು ಅಪಾರ್ಟ್‌ಮೆಂಟಲ್ಲಿ. ಕೆಳಗಿನ ಮನೆಯವರು ಇವತ್ತಿಗೂ ನಮ್ಮನ್ನ ನೋಡಿದರೆ ನಗ್ತಾರೆ, ಯಾವ ಅರ್ಥದಲ್ಲೋ.

ಫುಡ್ಸ್ ಕ್ಲಾಸ್ ಎರಡನೇ ಆಯ್ಕೆಯಾಗಿ ಬರೀಬಹುದು. ಕಪ್, ಚಮಚದ ಅಳತೆ, ಚಾಕು ಹಿಡಿಯೋ ರೀತಿ, ಒಲೆಯ ಸುರಕ್ಷತೆ ಕಲಿಸಿ ಆಮೇಲೆ ಮಫಿನ್, ಪ್ಯಾನ್‌ಕೇಕ್ ಮಾಡಿಸ್ತಾರೆ. ಪಾತ್ರೆ ತೊಳೆಯೋದಕ್ಕೂ ಮಾರ್ಕ್ಸ್ ಇರುತ್ತೆ, ಅದೊಂದು ಖುಷಿ. ನೀವು ಮೊಟ್ಟೆ ತಿನ್ನದವರಾದರೆ ಬರೀ ‘ವೆಜಿಟೇರಿಯನ್’ ಅಂತ ಬರೆದು ಸುಮ್ಮನಾಗಬೇಡಿ, ಇಲ್ಲಿ ಮೊಟ್ಟೆ ಅದರೊಳಗೇ ಬರುತ್ತೆ. ಮೊಟ್ಟೆ, ಜೆಲಟಿನ್ ಬೇಡ ಅಂತ ಬಿಡಿಸಿ ಬರೀರಿ. ಮಾಡೋಕೆ ಅಡ್ಡಿಯಿಲ್ಲ, ತಿನ್ನಲ್ಲ ಅಂದರೂ ಒಪ್ಪಿಕೊಳ್ತಾರೆ. ಮರಗೆಲಸದ ಕ್ಲಾಸ್ (ಇಲ್ಲಿ ‘ಶಾಪ್’ ಅಂತಾರೆ) ಇದ್ದರೆ ಅದನ್ನೂ ನೋಡಿ. ಸಾಮಾನ್ಯವಾಗಿ ಸುರಕ್ಷತೆಯ ಪರೀಕ್ಷೆ ಪಾಸಾಗದೆ ಯಾವ ಯಂತ್ರವನ್ನೂ ಮುಟ್ಟೋಕೆ ಬಿಡಲ್ಲ. ಇಯರ್‌ಬುಕ್, ಲೀಡರ್‌ಶಿಪ್ ಇವೆಲ್ಲ ಬಹುತೇಕ ದೊಡ್ಡ ಕ್ಲಾಸಿನವರಿಗೆ, ಅರ್ಜಿ ಹಾಕಿ ಸೇರೋದು.

ನಮ್ಮಲ್ಲಿ ಪೋರ್ಷನ್ ಮುಗಿದಿಲ್ಲ ಅಂತ ಮ್ಯಾತ್ಸ್ ಮಿಸ್ಸು ಪಿಟಿ ಪೀರಿಯಡ್ಡನ್ನೇ ಎತ್ತಿಕೊಂಡು ಹೋಗ್ತಿದ್ದರಲ್ಲ, ಇಲ್ಲಿ ಅದು ನಡೆಯಲ್ಲ. ಎಲೆಕ್ಟಿವ್ ಟೀಚರಿಗೂ ಅದೇ ಸ್ಥಾನಮಾನ, ಅದೇ ಗ್ರೇಡ್ ಬುಕ್. ದುಡ್ಡಿನ ಪರಿಸ್ಥಿತಿಯೂ ಈಚೆಗೆ ಸುಧಾರಿಸಿದೆ. 2022ರ ನವೆಂಬರಲ್ಲಿ ಪ್ರೊಪೊಸಿಷನ್ 28 ಅನ್ನೋ ಕಾನೂನಿನ ಪ್ರಸ್ತಾವವನ್ನ ಇಲ್ಲಿನ ಮತದಾರರು ಮತ ಹಾಕಿ ಪಾಸ್ ಮಾಡಿದರು. ಅದರ ಪ್ರಕಾರ ಸರ್ಕಾರಿ ಶಾಲೆಗಳಲ್ಲಿ ಕಲೆ, ಸಂಗೀತಕ್ಕೆ ಅಂತಲೇ ಪ್ರತಿ ವರ್ಷ ಪ್ರತ್ಯೇಕ ಹಣ ಬರುತ್ತೆ, 2023-24ರಲ್ಲಿ ಅದು ಸುಮಾರು 938 ಮಿಲಿಯನ್ ಡಾಲರ್. ದೊಡ್ಡ ಶಾಲಾ ಡಿಸ್ಟ್ರಿಕ್ಟುಗಳು ಅದರಲ್ಲಿ ಕನಿಷ್ಠ ಶೇ 80 ಭಾಗವನ್ನ ಕಲೆ ಕಲಿಸೋ ಟೀಚರು, ಸಿಬ್ಬಂದಿಗೇ ಖರ್ಚು ಮಾಡಬೇಕು.

ವಾದ್ಯಕ್ಕೆ ನೀವೇ ದುಡ್ಡು ಕೊಡಬೇಕು ಅಂತ ಕಡ್ಡಾಯ ಇಲ್ಲ. ಸರ್ಕಾರಿ ಶಾಲೆ ಯಾವ ಶೈಕ್ಷಣಿಕ ಚಟುವಟಿಕೆಗೂ ಫೀಸ್ ವಸೂಲಿ ಮಾಡೋ ಹಾಗಿಲ್ಲ ಅಂತ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿದೆ, 2012ರಲ್ಲಿ ಅದಕ್ಕೆ ಇನ್ನೂ ಬಿಗಿಯಾದ ಕಾನೂನೂ ಬಂತು. ಬರೋ ಪತ್ರಗಳಲ್ಲಿ ‘ಡೊನೇಷನ್’ ಅಂತ ದೊಡ್ಡ ಮೊತ್ತ ಬರೆದಿರ್ತಾರೆ. ಅದು ಕೋರಿಕೆ ಅಷ್ಟೇ, ಕೊಡದಿದ್ದರೆ ಮಗುವನ್ನ ಹೊರಗಿಡೋ ಹಾಗಿಲ್ಲ. ಸಾಧ್ಯ ಇದ್ದೋರು ಕೊಟ್ಟರೆ ಒಳ್ಳೇದು, ಆ ದುಡ್ಡಲ್ಲೇ ಹಳೇ ಸೆಲ್ಲೋಗಳು ರಿಪೇರಿಯಾಗೋದು.

ನೀವು ಕೇಳದೇ ಇರೋ ಒಂದು ವಿಷಯ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಅಡ್ಮಿಷನ್ ಕಾಗದಗಳ ಜೊತೆ ಹೋಮ್ ಲ್ಯಾಂಗ್ವೇಜ್ ಸರ್ವೆ ಅಂತ ನಾಲ್ಕು ಪ್ರಶ್ನೆ ಇರುತ್ತೆ: ಮಗು ಮೊದಲು ಮಾತಾಡಿದ ಭಾಷೆ ಯಾವುದು, ಮನೇಲಿ ಏನು ಮಾತಾಡುತ್ತೆ, ನೀವು ಅದರ ಜೊತೆ ಏನು ಮಾತಾಡ್ತೀರಿ, ದೊಡ್ಡವರು ತಮ್ಮತಮ್ಮಲ್ಲಿ ಏನು. ಕನ್ನಡ ಅಂತ ಬರೆದರೆ, ಸೇರಿದ 30 ದಿನದೊಳಗೆ ಎಲ್ಪ್ಯಾಕ್ ಅನ್ನೋ ಇಂಗ್ಲಿಷ್ ಪರೀಕ್ಷೆ ಮಾಡ್ತಾರೆ. ಕೇಳೋದು, ಮಾತಾಡೋದು, ಓದೋದು, ಬರೆಯೋದು ನಾಲ್ಕೂ ಇರುತ್ತೆ. ಕನ್ನಡ ಅಂತಲೇ ಬರೀರಿ, ಸುಳ್ಳು ಬೇಡ. ಆದರೆ ಮಗಳಿಗೆ ಮೊದಲೇ ಹೇಳಿಡಿ. ನಮ್ಮ ಮಕ್ಕಳು ಓದು ಬರಹದಲ್ಲಿ ಮುಂದು, ಮಾತಾಡೋ ಭಾಗದಲ್ಲಿ ಹೊಸ ಟೀಚರ ಮುಂದೆ ‘ಯೆಸ್ ಮ್ಯಾಮ್, ನೋ ಮ್ಯಾಮ್’ ಅಂದು ಕೂತುಬಿಡ್ತಾರೆ. ಪೂರ್ತಿ ವಾಕ್ಯದಲ್ಲಿ, ಧಾರಾಳವಾಗಿ ಮಾತಾಡು ಅಂತ ಹೇಳಿ. ಪಾಸಾಗದಿದ್ದರೆ ಇಂಗ್ಲಿಷ್ ಲರ್ನರ್ ಪಟ್ಟಿಗೆ ಸೇರ್ತಾಳೆ, ಇಎಲ್‌ಡಿ ಅನ್ನೋ, ಇಂಗ್ಲಿಷ್ ಭಾಷೆ ಕಲಿಸೋ ಕ್ಲಾಸು ಬರುತ್ತೆ, ಮತ್ತು ಎಷ್ಟೋ ಮಿಡಲ್ ಸ್ಕೂಲುಗಳಲ್ಲಿ ಅದು ಬಂದು ಕೂರೋದು ಎಲೆಕ್ಟಿವ್ ಜಾಗದಲ್ಲೇ. ಯಾಕಂದರೆ ಇಂಗ್ಲಿಷ್, ಮ್ಯಾತ್ಸ್, ಸೈನ್ಸ್, ಸೋಷಿಯಲ್ ಯಾವುದನ್ನೂ ತೆಗೆಯೋಕಾಗಲ್ಲ. ಪಿಇ (ನಮ್ಮ ಪಿಟಿ) ಕೂಡ ಕಾನೂನಲ್ಲೇ ಇದೆ, ಏಳನೇ ಕ್ಲಾಸಿಂದ ಪ್ರತಿ 10 ಶಾಲಾ ದಿನಕ್ಕೆ 400 ನಿಮಿಷ. ಇಂಗ್ಲಿಷ್ ಬಾಯಿಬಿಟ್ಟು ಮಾತಾಡಬೇಕಾದ ಮಗುವಿನಿಂದಲೇ ಡ್ರಾಮಾ ಕ್ಲಾಸ್ ಕಿತ್ತುಕೊಳ್ಳೋ ಈ ಏರ್ಪಾಟು ನನಗಂತೂ ತಲೆಕೆಳಗು ಅನ್ನಿಸುತ್ತೆ. ಹಾಗೇನಾದರೂ ಆದರೆ ಜೀರೋ ಪೀರಿಯಡ್, ಅಂದರೆ ಮೊದಲ ಪೀರಿಯಡ್ಡಿಗೂ ಮುಂಚಿನ ಕ್ಲಾಸ್, ಇದೆಯಾ ಕೇಳಿ. 2022ರಿಂದ ಇಲ್ಲಿ ಮಿಡಲ್ ಸ್ಕೂಲ್ ಬೆಳಗ್ಗೆ 8ಕ್ಕೆ ಮುಂಚೆ ಶುರು ಮಾಡೋ ಹಾಗಿಲ್ಲ, ಆದರೆ ಜೀರೋ ಪೀರಿಯಡ್ಡಿಗೆ ಆ ನಿಯಮದಿಂದ ವಿನಾಯಿತಿ ಇದೆ. ಬೇಗ ಎದ್ದು ಹೋದರೆ ಆರ್ಕೆಸ್ಟ್ರಾ ಉಳಿಯುತ್ತೆ.

ಮನೆಗೆ ಸುದ್ದಿ ಬರೋದು ಎರಡು ಮೂರು ಕಡೆಯಿಂದ, ಇದು ಶುರುವಿನಲ್ಲಿ ತಲೆನೋವು. ಸ್ಕೂಲಿನ ಪ್ರಕಟಣೆಗಳು ಪೇರೆಂಟ್‌ಸ್ಕ್ವೇರ್ ಥರದ ಆಪಲ್ಲಿ, ಗ್ರೇಡ್ ಏರೀಸ್ ಅಥವಾ ಪವರ್‌ಸ್ಕೂಲ್ ಅನ್ನೋ ವೆಬ್‌ಸೈಟಲ್ಲಿ, ಹೋಮ್‌ವರ್ಕ್ ಗೂಗಲ್ ಕ್ಲಾಸ್‌ರೂಮಲ್ಲಿ. ಪೇರೆಂಟ್‌ಸ್ಕ್ವೇರಲ್ಲಿ ಭಾಷೆ ಬದಲಾಯಿಸೋ ಸೌಲಭ್ಯ ಇದೆ, ಅಜ್ಜಿ ತಾತ ಓದೋದಾದರೆ ನೋಡಿ. ಆರ್ಕೆಸ್ಟ್ರಾ ಟೀಚರ ವಾರದ ಪತ್ರವನ್ನ ಮಾತ್ರ ಪೂರ್ತಿ ಓದಿ. ಯಾವ ಪುಟ ನಡೀತಿದೆ, ಪ್ರಾಕ್ಟೀಸ್ ಲಾಗ್ ಯಾವಾಗ ಕೊಡಬೇಕು, ಕಾನ್ಸರ್ಟಿನ ಕಪ್ಪು ಬಟ್ಟೆ ಯಾವತ್ತು ಹಾಕಬೇಕು, ಕುರ್ಚಿ ಜೋಡಿಸೋಕೆ ಯಾರು ಬರ್ತೀರಿ, ಎಲ್ಲ ಅದರಲ್ಲೇ ಇರುತ್ತೆ. ಸ್ಕೂಲಿನ ಟ್ರಿಪ್ಪಿಗೆ ಮಕ್ಕಳ ಜೊತೆ ಹೋಗೋ ಆಸೆ ಇದ್ದರೆ ಬೆರಳ ಗುರುತು ಕೊಡೋದು, ಟಿಬಿ ತಪಾಸಣೆ ಮೊದಲೇ ಮುಗಿಸಿಕೊಳ್ಳಿ, ಟೈಮ್ ಹಿಡಿಯುತ್ತೆ. ಗ್ರೇಡ್ ಪುಟದಲ್ಲಿ ‘ಮಿಸ್ಸಿಂಗ್’ (ಕೊಡಬೇಕಾದ ಕೆಲಸ ಕೊಟ್ಟಿಲ್ಲ) ಅಂತ ಕಂಡ ಕೂಡಲೇ ನೀವು ಟೀಚರಿಗೆ ಬರೀಬೇಡಿ. ಮಗಳೇ ಹೋಗಿ ಕೇಳಲಿ ಅನ್ನೋದು ಇಲ್ಲಿನ ಟೀಚರುಗಳ ನಿರೀಕ್ಷೆ. ಬಂದ ಮೊದಲ ತಿಂಗಳು ಅವಳಿಗೆ ಅದು ಕಷ್ಟ ಅನ್ನೋದೂ ನಿಜ.

ಇನ್ನು ಡಿಸೆಂಬರ್. ವಿಂಟರ್ ಕಾನ್ಸರ್ಟ್ ಸಾಮಾನ್ಯವಾಗಿ ರಜೆಗೆ ಸ್ವಲ್ಪ ಮುಂಚೆ, ನಾವೆಲ್ಲ ಇಂಡಿಯಾ ಟಿಕೆಟ್ ಬುಕ್ ಮಾಡೋ ವಾರದಲ್ಲೇ. ಕಾನ್ಸರ್ಟಿಗೆ ಬರೋದು ಗ್ರೇಡಿನ ಭಾಗ. ಟಿಕೆಟ್ ಅಗ್ಗ ಅಂತ ಮೊದಲೇ ಹೊರಟರೆ ಅವಳ ಗ್ರೇಡೂ ಹೋಗುತ್ತೆ, ಅವಳ ಜೊತೆ ಒಂದೇ ನೊಟೇಶನ್ ಸ್ಟ್ಯಾಂಡ್ ಹಂಚಿಕೊಳ್ಳೋ ಹುಡುಗಿಯೂ ಒಂಟಿಯಾಗ್ತಾಳೆ. ತಾರೀಖು ಸೆಪ್ಟೆಂಬರ್ ಹೊತ್ತಿಗೇ ಗೊತ್ತಾಗುತ್ತೆ, ಅದನ್ನ ನೋಡಿಕೊಂಡು ಬುಕ್ ಮಾಡಿ.

ಈಗ ಮಾಡಬೇಕಾದ್ದು: ಇಲ್ಲಿದ್ದ ಮಕ್ಕಳು ಎಲೆಕ್ಟಿವ್ ಆರಿಸಿದ್ದು ಫೆಬ್ರವರಿ ಮಾರ್ಚಲ್ಲೇ, ನಿಮಗೆ ಸಿಗೋದು ಉಳಿದ ಜಾಗ. ಆರ್ಕೆಸ್ಟ್ರಾ ತುಂಬಿದೆ ಅಂದರೆ ವೇಟ್‌ಲಿಸ್ಟಲ್ಲಿ ಹೆಸರು ಬರೆಸಿ. ಶುರುವಿನ ಒಂದೆರಡು ವಾರದಲ್ಲಿ ಕ್ಲಾಸ್ ಬದಲಾಯಿಸೋರು ಇದ್ದೇ ಇರ್ತಾರೆ, ವಯಲಿನ್ ಆಗಲೇ ಬರುತ್ತೆ ಅಂದರೆ ಟೀಚರುಗಳು ಜಾಗ ಹುಡುಕಿಕೊಡೋದೂ ಉಂಟು. ಜುಲೈನಲ್ಲಿ ಆಫೀಸ್ ಮುಚ್ಚಿರುತ್ತೆ, ಕೌನ್ಸೆಲರ್ ಆಗಸ್ಟ್ ಮೊದಲ ವಾರದ ಹೊತ್ತಿಗೆ ಬರ್ತಾರೆ. ಅಷ್ಟರಲ್ಲಿ ಕೌನ್ಸೆಲರಿಗೂ ಆರ್ಕೆಸ್ಟ್ರಾ ಟೀಚರಿಗೂ ಒಂದೇ ಮೇಲ್ ಹಾಕಿಡಿ, ಜೊತೆಗೆ ಅವಳು ನುಡಿಸೋ ಒಂದು ನಿಮಿಷದ ವಿಡಿಯೋ ಇರಲಿ. ಫೋನ್ ಮಾಡೋಕೆ ಹೋಗಬೇಡಿ, ಫ್ರಂಟ್ ಆಫೀಸಿನವರು ಮೇಲ್ ಹಾಕಿ ಅಂತಲೇ ಹೇಳೋದು.