ಚರ್ಚಿನ ಅಂಗಳದ ಸಸಿಗಳು ಬೇಸಿಗೆಯಲ್ಲಿ ಉಳಿಯಬೇಕಾದರೆ

ಪ್ರಶ್ನೆ: ನಮ್ಮ ಧರ್ಮಕೇಂದ್ರದಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಸಸಿ ನೆಡುತ್ತೇವೆ. ಏಪ್ರಿಲ್ ಹೊತ್ತಿಗೆ ಹೆಚ್ಚಿನವು ಒಣಗಿರುತ್ತವೆ. ಏನು ಮಾಡಬೇಕು?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ ‘ಲೌದಾತೋ ಸಿ’ ವಿಶ್ವಪತ್ರವು (ಪೋಪರು ಎಲ್ಲರನ್ನೂ ಉದ್ದೇಶಿಸಿ ಬರೆದ ಬೋಧನಾ ಪತ್ರ) ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆಯುತ್ತದೆ. ಮನೆಯ ಆರೈಕೆ ವರ್ಷವಿಡೀ ನಡೆಯಬೇಕಾದುದರಿಂದ, ಸೆಪ್ಟೆಂಬರ್ 1ರಿಂದ ಸಂತ ಅಸ್ಸಿಸಿಯ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗಿನ, ಕ್ರೈಸ್ತರು ದೇವರ ಸೃಷ್ಟಿಗಾಗಿ ಪ್ರಾರ್ಥಿಸಿ ಅದರ ಆರೈಕೆಗೆ ತೊಡಗುವ ‘ಸೃಷ್ಟಿಯ ಕಾಲ’ವನ್ನು ನೀವು ಆರಂಭವೆಂದಷ್ಟೇ ತಿಳಿಯಬೇಕು. ಬಳ್ಳಾರಿಯಲ್ಲಿ ಒಳ್ಳೆಯ ಮಳೆ ಬೀಳುವುದೂ ಆ ದಿನಗಳಲ್ಲೇ, ಆದ್ದರಿಂದ ನೆಡುವ ಕಾಲ ಸರಿಯಾಗಿಯೇ ಇದೆ. ಕೊರತೆ ಇರುವುದು ನೀರಿನದು.

ಚರ್ಚಿನ ಚಾವಣಿಯನ್ನು ನೋಡಿರಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. 200 ಚದರ ಮೀಟರಿನ ಚಾವಣಿಗೆ 10 ಮಿಲಿಮೀಟರಿನ ಒಂದೇ ಮಳೆ ಸುಮಾರು 2,000 ಲೀಟರ್ ಸುರಿಸುತ್ತದೆ. ಅದನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಡಿ. ಬೇವು, ಹೊಂಗೆ, ಹುಣಸೆಗಳನ್ನೇ ಆರಿಸಿ. ಬಳ್ಳಾರಿ ಜಾಲಿ ಮಾತ್ರ ಬೇಡ. ಹೆಸರು ನಮ್ಮೂರಿನದಾದರೂ ಅದು ಅಮೆರಿಕ ಖಂಡದಿಂದ ಬಂದು ಹೊಲ, ಹಳ್ಳಗಳನ್ನು ಆಕ್ರಮಿಸಿದ ಗಿಡ. ಬುಡಕ್ಕೆ ಒಣ ಎಲೆ ಹೊದಿಸಿ, ಒಂದೊಂದು ಸಸಿಯನ್ನು ಒಂದೊಂದು ಕುಟುಂಬಕ್ಕೆ ಮೂರು ಬೇಸಿಗೆಗಳ ಮಟ್ಟಿಗೆ ಒಪ್ಪಿಸಿರಿ.