ಬಿ.ಬಿ. ಕಿಂಗ್ ಅವರ ‘ದಿ ಥ್ರಿಲ್ ಈಸ್ ಗಾನ್’: ಇರುವುದು ನಾಲ್ಕೇ ಕಾರ್ಡ್, ಆದರೂ ನಾನು ನುಡಿಸಿದರೆ ಆ ಹಾಡು ಯಾಕೆ ಬರುವುದಿಲ್ಲ?

ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ) ಗಾಯಕ, ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರ ಈ ಹಾಡಿನ ಬಗ್ಗೆ ನೀವು ಕೇಳಿರುವುದು ಎರಡು ಪ್ರಶ್ನೆ. ಈ ಹಾಡು ಹೇಗೆ ತಯಾರಾಯಿತು ಅನ್ನುವುದು ಒಂದು. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎಲ್ಲ ಸರಿಯಾಗಿ ಹಿಡಿದರೂ ನಿಮ್ಮ ಕೈಯಲ್ಲಿ ಅದು ಸಪ್ಪೆಯಾಗಿ ಕೇಳಿಸುವುದೇಕೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಗೊತ್ತಾದರೆ ಎರಡನೆಯದು ಅರ್ಧ ಬಗೆಹರಿಯುತ್ತದೆ. ಕರ್ನಾಟಕ ಸಂಗೀತ ಸ್ವಲ್ಪ ಕಲಿತಿದ್ದೇನೆ ಎಂದಿದ್ದೀರಿ, ಅದೂ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಾಡು ಕಿಂಗ್ ಬರೆದದ್ದಲ್ಲ. ರಾಯ್ ಹಾಕಿನ್ಸ್ ಮತ್ತು ರಿಕ್ ಡಾರ್ನೆಲ್ ಬರೆದದ್ದು. ಕ್ಯಾಲಿಫೋರ್ನಿಯಾದ ಪಿಯಾನೊ ವಾದಕ ಹಾಕಿನ್ಸ್ 1951ರಲ್ಲಿ ಮಾಡರ್ನ್ ರೆಕಾರ್ಡ್ಸ್ ಸಂಸ್ಥೆಗೆ ಅದನ್ನು ಹಾಡಿದರು, ಆಗಲೇ ಒಂದು ಮಟ್ಟಕ್ಕೆ ಗೆದ್ದಿತ್ತು ಕೂಡ. ಆ ಕಾಲಕ್ಕೆ ಕಿಂಗ್ ಮೆಂಫಿಸ್‌ನ ಡಬ್ಲ್ಯೂಡಿಐಎ ರೇಡಿಯೊದಲ್ಲಿ ರೆಕಾರ್ಡ್ ಹಾಕುವ ಕೆಲಸದಲ್ಲಿದ್ದರು. ಅಲ್ಲಿಂದ ಹಾಡು ತಲೆಯಲ್ಲಿ ಕೂತಿತು. ಆಮೇಲೆ ಹಲವು ಸಲ ಪ್ರಯತ್ನಿಸಿದರೂ ಮನಸ್ಸಿಗೆ ಒಪ್ಪುವ ಹಾಗೆ ಕೂಡಿಬರಲಿಲ್ಲ.

ಕೂಡಿಬಂದದ್ದು 1969ರ ಜೂನ್‌ನಲ್ಲಿ, ನ್ಯೂಯಾರ್ಕಿನ ಹಿಟ್ ಫ್ಯಾಕ್ಟರಿ ಸ್ಟುಡಿಯೊದಲ್ಲಿ. ನಿರ್ಮಾಪಕ ಬಿಲ್ ಸಿಮ್ಜಿಕ್ ಆಗಿನ್ನೂ ಎಳೆಯ. ಕಿಂಗ್ ಜೊತೆ ಊರೂರು ತಿರುಗುತ್ತಿದ್ದ ವಾದ್ಯವೃಂದವನ್ನು ಬಿಟ್ಟು, ಸ್ಟುಡಿಯೊ ಕೆಲಸದಲ್ಲಿ ಪಳಗಿದವರನ್ನು ಆತ ಕೂರಿಸಿದ. ಬೇಸ್‌ಗೆ ಜೆರಿ ಜೆಮಾಟ್, ಡ್ರಮ್ಸ್‌ಗೆ ಹರ್ಬಿ ಲವೆಲ್, ಕೀಬೋರ್ಡಿಗೆ ಪಾಲ್ ಹ್ಯಾರಿಸ್, ಎರಡನೇ ಗಿಟಾರಿಗೆ ಹ್ಯೂ ಮೆಕ್ರಾಕನ್. ಸ್ಯಾಕ್ಸೊಫೋನ್, ಟ್ರಂಪೆಟ್‌ಗಳ ಗುಂಪು ಇಲ್ಲ. ಹಿಂದಿನ ಕಿಂಗ್ ರೆಕಾರ್ಡುಗಳಲ್ಲಿ ಸಾಲು ಮುಗಿದ ಕೂಡಲೇ ಊದುವಾದ್ಯಗಳು ನುಗ್ಗಿ ಜಾಗ ತುಂಬುತ್ತಿದ್ದವು. ಇಲ್ಲಿ ಆ ಜಾಗ ಖಾಲಿ ಬಿತ್ತು, ಅದರಲ್ಲಿ ಕಿಂಗ್ ಗಿಟಾರ್ ಉಸಿರಾಡಿತು. ನನ್ನ ಮಟ್ಟಿಗೆ ಹಾಡು ಗೆದ್ದದ್ದು ಈ ಒಂದು ತೀರ್ಮಾನದಿಂದ. ಎಲ್ಲರೂ ಹೊಗಳುವ ಪಿಟೀಲುಗಳು ಆಮೇಲೆ ಬಂದವು. ಹಾಡು ಮುದ್ರಣವಾದ ಮೇಲೆ ಸಿಮ್ಜಿಕ್‌ಗೆ ಹೊಳೆದ ಯೋಚನೆ ಅದು. ಕಿಂಗ್ ಒಪ್ಪಿದರು, ಬರ್ಟ್ ಡಿಕೋಟೊ ಸ್ವರ ಬರೆದುಕೊಟ್ಟರು. ಹಾಡು ಶುರುವಾದಾಗ ಅವು ಕೇಳಿಸುವುದಿಲ್ಲ. ನಡುವೆ ಮೆಲ್ಲಗೆ ಸೇರಿಕೊಂಡು ಕೊನೆಯಲ್ಲಿ ಗಿಟಾರಿನ ಸುತ್ತ ಮೋಡದಂತೆ ಕವಿಯುತ್ತವೆ. (ಇದೇ ಸಿಮ್ಜಿಕ್ ಏಳು ವರ್ಷದ ಮೇಲೆ ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಹಾಡಿನ ನಿರ್ಮಾಪಕರಾದವರು. ಅದೂ ಬಿ ಮೈನರ್!)

ಇನ್ನು ಹಾಡಿನ ಕಟ್ಟಡ. ಶ್ರುತಿ ಬಿ ಮೈನರ್, ವೇಗ ನಿಮಿಷಕ್ಕೆ ಸುಮಾರು 90 ಬೀಟ್. ಹನ್ನೆರಡು ಬಾರ್ (ತಾಳದ ಕಟ್ಟು), ಒಂದೊಂದು ಬಾರ್‌ಗೆ ನಾಲ್ಕು ಬೀಟ್, ಒಟ್ಟು 48. ನಿಮಗೆ ಇದನ್ನು ಆದಿತಾಳದಲ್ಲಿ ಹೇಳುವುದೇ ಸುಲಭ: ಒಂದು ಸುತ್ತು ಅಂದರೆ ಎಂಟೆಂಟು ಎಣಿಕೆಯ ಆರು ಆವರ್ತನ. ಮೊದಲ ಎರಡು ಆವರ್ತನ ಬಿ ಮೈನರ್ 7. ಮೂರನೆಯದು ಇ ಮೈನರ್ 7. ನಾಲ್ಕನೆಯದು ಮತ್ತೆ ಬಿ ಮೈನರ್ 7. ಐದನೆಯದರ ಲಘುವಿಗೆ (ಮೊದಲ ನಾಲ್ಕು ಎಣಿಕೆ) ಜಿ ಮೇಜರ್ 7, ಎರಡು ದ್ರುತಗಳಿಗೆ (ಉಳಿದ ನಾಲ್ಕು) ಎಫ್ ಶಾರ್ಪ್ 7. ಆರನೆಯದು ಬಿ ಮೈನರ್‌ಗೆ ವಾಪಸ್. ಕೈಯಲ್ಲಿ ತಾಳ ಹಾಕುತ್ತಾ ರೆಕಾರ್ಡನ್ನು ನಾಲ್ಕು ಸಲ ಕೇಳಿ, ಗಿಟಾರ್ ಆಮೇಲೆ ಮುಟ್ಟಿ.

ಸಾಮಾನ್ಯ ಬ್ಲೂಸ್‌ನಲ್ಲಿ ಒಂಬತ್ತನೇ ಬಾರ್‌ನಲ್ಲಿ ಪಂಚಮದ ಕಾರ್ಡ್, ಹತ್ತನೆಯದರಲ್ಲಿ ಮಧ್ಯಮದ ಕಾರ್ಡ್ ಬರುತ್ತದೆ. ಇಲ್ಲಿ ಒಂಬತ್ತಕ್ಕೆ ಶುದ್ಧ ಧೈವತದ ಮೇಲೆ ಕಟ್ಟಿದ ಜಿ ಮೇಜರ್ 7 ಬಂದು, ಅಲ್ಲಿಂದ ಅರ್ಧ ಸ್ವರ ಕೆಳಗೆ ಪಂಚಮಕ್ಕೆ ಇಳಿಯುತ್ತದೆ. ಬಿಟ್ಟುಹೋದ ಪ್ರೀತಿಯ ಹಾಡು ಇದು, ಆದರೆ ಗೋಳಾಟ ಕಡಿಮೆ. ಮೋಹ ಇಳಿದು ಹಗುರಾದವನ ಮಾತೂ ಅದರಲ್ಲಿದೆ. ಆ ಹಗುರ ಕೇಳಿಸುವುದು ಜಿ ಮೇಜರ್ 7ರಲ್ಲೇ. ಇದನ್ನು ಬರೀ ಜಿ 7 ಮಾಡಿ ನುಡಿಸುವವರು ಬಹಳ ಜನ. ಹಾಗೆ ಮಾಡಿದರೆ ಎಫ್ ಶಾರ್ಪ್ ಹೋಗಿ ಎಫ್ ಬರುತ್ತದೆ, ಒಳಗಿನ ನವಿರು ಸತ್ತುಹೋಗುತ್ತದೆ.

ಹಿಡಿಯುವ ರೀತಿ ಹೇಳುತ್ತೇನೆ, ಆರನೇ (ದಪ್ಪ) ತಂತಿಯಿಂದ ಎಣಿಸಿ. ಬಿ ಮೈನರ್ 7ಕ್ಕೆ ಆರನೆಯದು 7ನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡಪಟ್ಟಿ). ನಾಲ್ಕು, ಮೂರು, ಎರಡನೇ ತಂತಿಗಳೂ 7. ಜಿ ಮೇಜರ್ 7ಕ್ಕೆ ಆರನೆಯದು 3, ನಾಲ್ಕನೆಯದು 4, ಮೂರನೆಯದು 4, ಎರಡನೆಯದು 3. ಎಫ್ ಶಾರ್ಪ್ 7ಕ್ಕೆ ಅದೇ ಕ್ರಮದಲ್ಲಿ 2, 2, 3, 2. ಇವು ಮೂರರಲ್ಲೂ ಐದನೇ ಮತ್ತು ಒಂದನೇ ತಂತಿ ಸದ್ದು ಮಾಡಬಾರದು. ಇ ಮೈನರ್ 7 ಮಾತ್ರ ಐದನೇ ತಂತಿಯಿಂದ ಶುರು: 7, 9, 7, 8, 7. ಪೂರ್ತಿ ಆರೂ ತಂತಿ ಬಾರಿಸುವುದು ಮೊದಲ ತಪ್ಪು, ಯಾಕೆಂದರೆ ಬೇಸ್‌ನ ಜಾಗಕ್ಕೆ ಗಿಟಾರ್ ಹೋಗಿ ಕೂರುತ್ತದೆ. ಎರಡು ಮತ್ತು ನಾಲ್ಕನೇ ಬೀಟಿಗೆ ಚಿಕ್ಕದಾಗಿ ಹೊಡೆದು, ಎಡಗೈ ಸಡಿಲಿಸಿ ಸದ್ದು ಕತ್ತರಿಸಿ. ಎರಡನೇ ತಪ್ಪು ಷಫಲ್. ಬ್ಲೂಸ್ ಅಂದಕೂಡಲೇ ಕೈ ‘ಡಂ-ಡ ಡಂ-ಡ’ ಎಂದು ಕುಂಟುತ್ತದೆ. ಈ ಹಾಡಿನ ನಡೆ ಚತುರಶ್ರ (ಬೀಟಿಗೆ ನಾಲ್ಕು ಭಾಗ), ತಿಶ್ರದ (ಮೂರು ಭಾಗ) ಓಲಾಟ ಇಲ್ಲ. ಜೆಮಾಟ್ ಅವರ ಬೇಸ್ ಆ ನಡೆಯ ಒಳಗೇ ಬೀಟ್ ತಪ್ಪಿಸಿ ತಪ್ಪಿಸಿ ಹೆಜ್ಜೆ ಇಡುತ್ತದೆ. ಒಮ್ಮೆ ಅದೊಂದನ್ನೇ ಹಿಂಬಾಲಿಸಿ ಕೇಳಿ.

ಲೀಡ್‌ಗೆ, ಅಂದರೆ ಬಿಡಿ ಸ್ವರಗಳ ನುಡಿಕೆಗೆ, ಬರೋಣ. ಬಿ, ಡಿ, ಇ, ಎಫ್ ಶಾರ್ಪ್, ಎ. ಇದು ನಿಮ್ಮ ಶುದ್ಧ ಧನ್ಯಾಸಿಯ ಸ ಗ ಮ ಪ ನಿ. ಸ್ವರಗಳು ಒಂದೇ ಅನ್ನುವುದನ್ನು ಬಿಟ್ಟರೆ ರಾಗದ ಸಂಬಂಧ ಏನೂ ಇಲ್ಲ, ಗಮಕ ಹಾಕಲು ಹೋಗಬೇಡಿ. ಎಲ್ಲಿ ಎಡವುತ್ತೀರಿ ಅಂದರೆ ಹತ್ತನೇ ಬಾರ್‌ನಲ್ಲಿ. ಎಫ್ ಶಾರ್ಪ್ 7ರಲ್ಲಿ ಎ ಶಾರ್ಪ್ ಇದೆ, ಅಂದರೆ ಕಾಕಲಿ ನಿಷಾದ. ನಿಮ್ಮ ಕೈಯಲ್ಲಿರುವುದು ಕೈಶಿಕಿ, ಅರ್ಧ ಸ್ವರ ಕೆಳಗಿನ ಎ. ಆ ಎ ಸ್ವರವನ್ನು ಅಲ್ಲಿ ಮುಟ್ಟಿ ಹೋದರೆ ಬ್ಲೂಸ್, ಹಿಡಿದು ನಿಂತರೆ ಅಪಸ್ವರ. ಸುತ್ತೆಲ್ಲ ನಠಭೈರವಿ ರಾಗದ ಸ್ವರಗಳಿದ್ದು ಈ ಒಂದು ಬಾರ್‌ನಲ್ಲಿ ಕೀರವಾಣಿ ರಾಗದ ನಿಷಾದ ಬಂದು ಹೋಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಹೆದರಿಕೆಯಾದರೆ ಅಲ್ಲಿ ಪಂಚಮದಲ್ಲಿ ನಿಂತುಬಿಡಿ. ಜಿ ಮೇಜರ್ 7ಕ್ಕೂ ಎಫ್ ಶಾರ್ಪ್ 7ಕ್ಕೂ ಅದು ಒಪ್ಪುತ್ತದೆ. ಮೇಜರ್ ಬ್ಲೂಸ್‌ನಲ್ಲಿ ಗಾಂಧಾರವನ್ನು ಚೂರು ಮೇಲಕ್ಕೆ ಒತ್ತುವ ಚಟ ಇರುತ್ತದೆ. ಇಲ್ಲಿ ಹಿನ್ನೆಲೆಯ ಕಾರ್ಡೇ ಮೈನರ್, ಒತ್ತಿದರೆ ಶ್ರುತಿ ತಪ್ಪಿದ ಹಾಗೆಯೇ ಕೇಳಿಸುತ್ತದೆ.

ಬೆಂಡ್ (ಒತ್ತಿದ ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸುವುದು) ಎರಡು ಸಾಕು. ಮೂರನೇ ತಂತಿಯ 9ನೇ ಫ್ರೆಟ್‌ನ ಇ ಸ್ವರವನ್ನು ಎಫ್ ಶಾರ್ಪ್‌ಗೆ, ಎರಡನೇ ತಂತಿಯ 10ನೇ ಫ್ರೆಟ್‌ನ ಎ ಸ್ವರವನ್ನು ಬಿಗೆ ಏರಿಸುವುದು. ಬೆಂಡ್ ಮಾಡುವ ಮುಂಚೆ ತಲುಪಬೇಕಾದ ಸ್ವರವನ್ನು ಅದೇ ತಂತಿಯಲ್ಲಿ ಎರಡು ಫ್ರೆಟ್ ಮೇಲೆ ಒತ್ತಿ ಕೇಳಿಕೊಳ್ಳಿ. ಹೊಸಬರ ಬೆಂಡ್ ಯಾವಾಗಲೂ ಕಾಲು ಸ್ವರ ಕೆಳಗೇ ನಿಲ್ಲುತ್ತದೆ, ಬೆರಳಿಗೆ ಬಲ ಸಾಲದೆ. ಉಂಗುರ ಬೆರಳಿನ ಹಿಂದೆ ಇನ್ನೆರಡು ಬೆರಳನ್ನೂ ಕೊಟ್ಟು ತಳ್ಳಬೇಕು.

ವೈಬ್ರೇಟೊ (ನಿಂತ ಸ್ವರವನ್ನು ಕಂಪಿಸುವುದು) ಬೇರೆಯೇ ವಿದ್ಯೆ. ಕಿಂಗ್ ಅವರ ಸೋದರ ಸಂಬಂಧಿ ಬುಕಾ ವೈಟ್ ಸ್ಲೈಡ್ (ಬೆರಳಿಗೆ ತೊಡುವ ಕೊಳವೆ) ಹಾಕಿ ನುಡಿಸುತ್ತಿದ್ದರು. ಕಿಂಗ್‌ಗೆ ಸ್ಲೈಡ್ ಒಗ್ಗಲಿಲ್ಲ, ಆ ಸದ್ದನ್ನು ಬರೀ ಬೆರಳಲ್ಲಿ ತರಲು ಹೋಗಿ ಈ ಕಂಪನ ಹುಟ್ಟಿತು. ತೋರುಬೆರಳು ತಂತಿಯ ಮೇಲೆ, ಹೆಬ್ಬೆರಳು ಕತ್ತಿನಿಂದ ಬಿಡುಗಡೆ, ಮಣಿಕಟ್ಟಿನಿಂದ ಇಡೀ ಕೈ ಚಿಟ್ಟೆಯ ರೆಕ್ಕೆಯ ಹಾಗೆ ಅಲುಗಬೇಕು. ಬೆರಳನ್ನು ಮಾತ್ರ ಕುಣಿಸಿದರೆ ಸ್ವರ ಗಡಗಡ ನಡುಗುತ್ತದೆ. ಎರಡನೇ ತಂತಿಯ 12ನೇ ಫ್ರೆಟ್‌ನ ಷಡ್ಜದಲ್ಲಿ ಅಭ್ಯಾಸ ಮಾಡಿ. ಸ್ವರ ಮೊದಲು ನೇರವಾಗಿ ನಿಲ್ಲಲಿ, ಕಂಪನ ಆಮೇಲೆ.

ಎಲ್ಲಕ್ಕಿಂತ ದೊಡ್ಡ ತಪ್ಪು ತುಂಬುವುದು. ಕಿಂಗ್ ಹಾಡುವಾಗ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಗಿಟಾರ್ ಎರಡನೇ ಗಾಯಕ ಇದ್ದ ಹಾಗೆ. ಎರಡು ಬಾರ್ ಬಾಯಲ್ಲಿ ಗುನುಗಿ, ಎರಡು ಬಾರ್ ಉತ್ತರ ಕೊಡಿ, ಒಂದು ಉತ್ತರಕ್ಕೆ ಐದು ಸ್ವರ ಮೀರಬೇಡಿ. ಮೊದಲ ವಾರ ಉಸಿರು ಕಟ್ಟಿದ ಹಾಗಾಗುತ್ತದೆ, ಆಗಲಿ.

ಹಾಡಿನ ಪ್ರಭಾವದ ಬಗ್ಗೆಯೂ ಒಂದು ಮಾತು. ಮೈನರ್ ಬ್ಲೂಸ್ ಕಿಂಗ್ ಕಂಡುಹಿಡಿದದ್ದು ಎಂದು ಕೆಲವರು ಬರೆಯುತ್ತಾರೆ, ಅದು ಸುಳ್ಳು. ಶಿಕಾಗೊದ ಓಟಿಸ್ ರಶ್ 1958ರಲ್ಲೇ ‘ಡಬಲ್ ಟ್ರಬಲ್’ ಎಂಬ ಮೈನರ್ ಬ್ಲೂಸ್ ಹಾಡಿದ್ದರು. ಕಿಂಗ್ ಮಾಡಿದ್ದು ಅದನ್ನು ಬ್ಲೂಸ್ ಕೇಳದವರ ಮನೆಗೂ ತಲುಪಿಸಿದ್ದು. 1970ರಲ್ಲಿ ಅಮೆರಿಕದ ಪಾಪ್ ಪಟ್ಟಿಯಲ್ಲಿ 15ನೇ ಸ್ಥಾನ, ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಪಟ್ಟಿಯಲ್ಲಿ 3ನೇ ಸ್ಥಾನ, ಆಮೇಲೆ ಗ್ರ್ಯಾಮಿ ಪ್ರಶಸ್ತಿ. ಪಾಪ್ ಪಟ್ಟಿಯಲ್ಲಿ ಅವರು ಅದಕ್ಕಿಂತ ಮೇಲೆ ಹೋಗಲೇ ಇಲ್ಲ. ಅರೀಥಾ ಫ್ರಾಂಕ್ಲಿನ್ ಅದೇ ವರ್ಷ ಹಾಡಿದರು. 1997ರಲ್ಲಿ ಟ್ರೇಸಿ ಚಾಪ್‌ಮನ್ ಕಿಂಗ್ ಜೊತೆಗೇ ಹಾಡಿದರು. ಇವತ್ತು ಬ್ಲೂಸ್ ಜ್ಯಾಮ್‌ನಲ್ಲಿ (ತಯಾರಿಯಿಲ್ಲದೆ ಕೂಡಿ ನುಡಿಸುವಾಗ) ಯಾರಾದರೂ ‘ಮೈನರ್ ಬ್ಲೂಸ್, ಬಿ’ ಅಂದರೆ ಎಲ್ಲರ ಬೆರಳೂ ತಾನಾಗಿ ಈ ಕಾರ್ಡ್‌ಗಳಿಗೇ ಹೋಗುತ್ತದೆ.

ಕೊನೆಗೆ ನಿಮ್ಮ ಗಿಟಾರ್. ಅಕೌಸ್ಟಿಕ್, 12ರ ತಂತಿ ಸೆಟ್ (ಅಂದರೆ ತೆಳು ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 12 ಭಾಗ) ಎಂದಿದ್ದೀರಿ. ಅದರ ಮೂರನೇ ತಂತಿಯ ಮೇಲೆ ಇನ್ನೊಂದು ಎಳೆ ಸುತ್ತಿರುತ್ತದೆ, ಅದನ್ನು ಪೂರ್ಣ ಸ್ವರ ಬೆಂಡ್ ಮಾಡಲು ಹೋಗಿ ಬೆರಳು ಕೆಡಿಸಿಕೊಳ್ಳಬೇಡಿ. ಕಿಂಗ್ ಬಳಸಿದ ಸೆಟ್ 10ರಿಂದ 54, ಮೂರನೆಯದು ಸುತ್ತಿಲ್ಲದ 17. ಅಂಥದ್ದಿರುವ ಎಲೆಕ್ಟ್ರಿಕ್ ಕೈಗೆ ಸಿಗುವವರೆಗೆ ಬೆಂಡ್ ಬದಲು 9ರಿಂದ 11ಕ್ಕೆ ಜಾರು ಹಾಕಿ. ಜಾರು ನಿಮಗೆ ಹೇಗೂ ಬರುತ್ತದೆ.