ಆಯಿಯ ಕುಬಸದಿಂದಲೇ ಶುರು ಮಾಡಿ

ತಂಗಿ, ನಮಸ್ಕಾರ.

ಗುಳೇದಗುಡ್ಡದಿಂದ ನೀವು ಕಳಿಸಿದ 'ಸರ್ಪಸುತ್ತಿನ ನಂತರದ ನೋವು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಾರೆ. ಬಿಡಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. 'ಆರೋಗ್ಯವೇ ಭಾಗ್ಯ' ಎಂದು ಶುರುವಾಗುವ ಲೇಖನ ನನಗೆ ವಾರಕ್ಕೆ ನಾಲ್ಕು ಬರುತ್ತವೆ. ನಿಮ್ಮ ಬರಹಕ್ಕೆ ಜೀವ ಬರುವುದು ಮೂರನೇ ಪುಟದಲ್ಲಿ. ಗುಳ್ಳೆ ಒಣಗಿ ಐದು ತಿಂಗಳಾಗಿದೆ. ಆದರೂ ನಿಮ್ಮ ಆಯಿ ಕುಬಸ ತೊಡಲಾರದೆ, ಹಳೆಯ ಧೋತರ ಸಡಿಲಾಗಿ ಹೊದ್ದು ಕೂತಿರುತ್ತಾರೆ. "ಖಣ ತಾಕಿದ್ರ ಕೆಂಡ ತಾಕಿದಂಗ ಆಕ್ಕೈತಿ" ಅನ್ನುತ್ತಾರೆ. ಜೀವನವಿಡೀ ಕುಬಸದ ಬಟ್ಟೆಯಾದ ಖಣ ನೇಯ್ದವರ ಬಾಯಿಂದ ಈ ಮಾತು! ಇದನ್ನು ಅಷ್ಟು ಒಳಗೆ ಬಚ್ಚಿಡುತ್ತಾರೆಯೇ?

ಇನ್ನು ತಪ್ಪುಗಳು. ಚರ್ಮದ ಚೂರು ತೆಗೆದು ಉಳಿದ ವೈರಸ್ ಹುಡುಕುತ್ತಾರೆ ಎಂದಿದ್ದೀರಿ. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ತಂದ ವೈರಸ್ ಅಡಗಿ ಕೂರುವುದು ಬೆನ್ನುಹುರಿ ಪಕ್ಕದ ನರಗಂಟಿನಲ್ಲಿ. ಎಷ್ಟೋ ವರ್ಷದ ಮೇಲೆ ಎದ್ದು, ಒಂದು ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಗುಳ್ಳೆ ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ನಿಲ್ಲುವುದು ಅದಕ್ಕೇ. ನೋವು ಉಳಿದವರ ಚರ್ಮದಲ್ಲಿ ಸಂಶೋಧಕರು ನೋಡಿದ್ದು ನರದ ತುದಿಗಳನ್ನು. ಜಾಗ ಮರಗಟ್ಟಿಸಿ ಸುಮಾರು 3 ಮಿ.ಮೀ. ಅಗಲದ ಚೂರು ತೆಗೆಯುತ್ತಾರೆ. ತೆಳ್ಳಗೆ ಹೆಚ್ಚಿ, ಬಣ್ಣ ಹಿಡಿಸಿ, ಮೈಕ್ರೋಸ್ಕೋಪಿನಲ್ಲಿ ತುದಿ ಎಣಿಸುತ್ತಾರೆ.

ಎಳೆ ಎಣಿಸುವುದು ನಿಮ್ಮ ಮನೆಯ ಕೆಲಸವೇ ಅಲ್ವಾ? ಇಂಚಿಗೆ ಎಷ್ಟು ಹಾಸು, ಎಷ್ಟು ಹೊಕ್ಕು ಎಂದು ನೋಡುತ್ತಲೇ ಬೆಳೆದವರು ನೀವು. ಮತ್ತೆ 'ನೋವೆಂಬ ಸಾಗರ' ಯಾಕೆ? ನಮ್ಮ ಬಾಗಲಕೋಟೆ ಜಿಲ್ಲೆಗೆ ಸಾಗರ ಎಲ್ಲಿಂದ ಬಂತು?

'ನರ ಜಾಸ್ತಿ ಬೆಳೆದು ನೋವಾಗುತ್ತದೆ' ಎಂಬುದೂ ಉಲ್ಟಾ. ಅಮೆರಿಕದ ನರತಜ್ಞೆ ಆನ್ ಲೂಯಿಸ್ ಓಕ್ಲ್ಯಾಂಡರ್ 2001ರಲ್ಲಿ ಸರ್ಪಸುತ್ತು ಬಂದುಹೋದ 38 ಜನರ ಚರ್ಮ ಹೋಲಿಸಿದರು. ನೋವು ಉಳಿದವರಲ್ಲೇ ತುದಿಗಳು ಕಡಿಮೆ. ಗುಳ್ಳೆಯೇ ಏಳದ ಎದುರು ಬದಿಯಲ್ಲೂ ನರದ ಎಳೆ ಕಡಿಮೆಯಾಗಿದ್ದನ್ನು ಅವರ ತಂಡ 1998ರಲ್ಲೇ ತೋರಿಸಿತ್ತು. ಎಳೆ ಉದುರಿದ ಜಾಗ ಸುಮ್ನೆ ಮರಗಟ್ಟಬೇಕಿತ್ತು, ಉರಿಯುವುದೇಕೆ? ಕಾಲು ಕತ್ತರಿಸಿದ ಮೇಲೂ ಇಲ್ಲದ ಪಾದ ನೋಯುತ್ತದಲ್ಲ, ಅದೇ ಜಾತಿಯ ನೋವು ಇದು ಇರಬಹುದು ಎಂದರು ಅವರು. ಇಡೀ ಲೇಖನ ಇಲ್ಲೇ ಇದೆ. ಇದಕ್ಕೆ ಎರಡು ಪುಟ ಕೊಡಿ.

ಕೆಮ್ಮಣ್ಣು ಹಚ್ಚಿದ ಅಕ್ಕಪಕ್ಕದವರನ್ನು ಗೇಲಿ ಮಾಡಿದ್ದು ನನಗೆ ಹಿಡಿಸಲಿಲ್ಲ. ಅವರೂ ನಮ್ಮ ಓದುಗರೇ. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರು ಮಾಡುವುದು ಒಳ್ಳೆಯದು, 50 ದಾಟಿದವರಿಗೆ ಲಸಿಕೆಯೂ ಇದೆ ಎಂದು ಬರೆದರೆ ಸಾಕು. 'ಎಲ್ಲರೂ ಚರ್ಮ ಪರೀಕ್ಷೆ ಮಾಡಿಸಿ' ಎಂಬ ಕೊನೆಯ ಸಾಲು ಹೊಡೆದುಹಾಕಿ. ಈ ನೋವನ್ನು ಡಾಕ್ಟರು ಸಾಮಾನ್ಯವಾಗಿ ಕೇಳಿ, ಮುಟ್ಟಿ ನೋಡಿಯೇ ಗುರುತಿಸುತ್ತಾರೆ.

ಆಯಿಯನ್ನು ಒಂದು ಮಾತು ಕೇಳಿ. ಬಟ್ಟೆ ತಾಕಿದರೆ ಉರಿಯುವ ಅದೇ ಜಾಗಕ್ಕೆ ಬಿಸಿನೀರು, ತಣ್ಣೀರು ವ್ಯತ್ಯಾಸ ಗೊತ್ತಾಗುತ್ತದೆಯೇ? ಉರಿಯೂ ಜೋಮೂ ಒಟ್ಟಿಗೆ ಇರುವವರು ಬಹಳ. ಆಯಿ ಹೇಳಿದ್ದನ್ನು ತಿದ್ದದೆ ಬರೆದು ಕಳಿಸಿ. 15 ದಿನ ಕಾಯುತ್ತೇನೆ.